ನಲವತ್ತೆಂಟು ಚೌಕಗಳ ಗಂಟಿ ಆಯಿ

ಹಾವೇರಿಯಲ್ಲಿ ನಾವು ಕಟ್ಟಿಸುತ್ತಿರುವ ಸಣ್ಣ ಮನೆಗೆ ಹೋದ ವಾರ ಟೈಲ್ಸ್ ಕೂಡಿಸುವವರು ಬಂದಿದ್ದರು. ಇಬ್ಬರು ಖೋಲಿಯ ಎರಡು ತುದಿಗೆ ಕುಕ್ಕರುಗಾಲಲ್ಲಿ ಕುಳಿತು, ನೀಲಿಪುಡಿಯಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಎಳೆದು ಹಿಡಿದರು. ಒಬ್ಬ ಅದನ್ನು ನಡುವೆ ಚೂರು ಎತ್ತಿ ಬಿಟ್ಟ. ಟಪ್! ನೆಲದ ಮೇಲೆ ಕೂದಲೆಳೆಯಷ್ಟು ತೆಳುವಾದ, ನೆಟ್ಟಗಿನ ನೀಲಿ ಗೆರೆ. ಹಸಿ ಸಿಮೆಂಟಿನ ನಡುವೆ ಆ ಪುಡಿಯ ಒಣ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬ್ಯಾಡಗಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಉದ್ದನೆಯ ಪಡಸಾಲೆಯಲ್ಲಿದ್ದೆ. ಎದುರಿಗೆ ನಮ್ಮ ಡ್ರಾಯಿಂಗ್ ಮಾಸ್ತರು...

ಮಾಸ್ತರು ರಾಣೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಎಲ್ಲರ ಕಿಸೆಯಲ್ಲಿ ಪೆನ್ನಿದ್ದರೆ ಇವರ ಕಿಸೆಯಲ್ಲಿ ಒಂದು ದಾರದ ಉಂಡೆ. ಅಂಗಿಗೆ ಸದಾ ನೀಲಿ ಕಲೆ. ಡ್ರಾಯಿಂಗ್ ಪಿರಿಯಡ್ಡೆಂದರೆ ನಮಗೆ ಹರಟೆಯ ಹೊತ್ತು. ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಗಣಿತದವರು ಕಸಿದುಕೊಳ್ಳುತ್ತಿದ್ದರು. ಮಾಸ್ತರು ಸಿಟ್ಟಾಗುತ್ತಿರಲಿಲ್ಲ. ಬೋರ್ಡಿನ ಮೇಲೆ ಅವರು ಬರೆದ ಅಕ್ಷರ ಅಲುಗಾಡುತ್ತಿತ್ತು. ಹಿಂದಿನ ಬೆಂಚಿನವರು ನಗುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನಗೆ ಮಾತ್ರ ಗೊತ್ತಿತ್ತು, ಅವರ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡು ಬರೆಯುತ್ತಿದ್ದರು.

ಒಂದು ದಿನ ನಮ್ಮನ್ನೆಲ್ಲ ಶಾಲೆಯ ಮಾಳಿಗೆಯ ಮೇಲೆ ಕರೆದುಕೊಂಡು ಹೋದರು. ಸುಗ್ಗಿಯ ಕಾಲ. ಆಚೆಯ ಬಯಲಿನಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ನಡೆದಾಡಲು ನಡುನಡುವೆ ದಾರಿ ಬಿಟ್ಟದ್ದರಿಂದ ಕಣ್ಣು ಹಾಯುವ ತನಕ ಕೆಂಪು ಚೌಕಗಳು. ಅದರಾಚೆ ಬದುಗಳ ನಡುವೆ ಹೊಲಗಳು, ಅವೂ ಚೌಕ. ಹುಟ್ಟಿದಾಗಿನಿಂದ ಕಂಡದ್ದೇ, ಆದರೆ ಅಂದು ಮೊದಲ ಸಲ ನೋಡಿದೆ.

"ನಮ್ಮಪ್ಪ ನೇಕಾರ ಇದ್ದ," ಎಂದರು ಮಾಸ್ತರು. "ಅಂವಗ ಒಂದಕ್ಷರ ಬರ್ತಿರಲಿಲ್ಲ. ಆದ್ರ ಉದ್ದದ ಎಳಿ, ಅಡ್ಡದ ಎಳಿ ಎಣಿಸಿ ಎಣಿಸಿ ಸೀರಿ ಅಂಚಿನ್ಯಾಗ ಆನಿ ನಡಸ್ತಿದ್ದ. ಆನಿ ಎಲ್ಲಿತ್ತು? ಆ ಲೆಕ್ಕದಾಗಿತ್ತು."

ಆಮೇಲೆ ಹೇಳುತ್ತ ಹೋದರು. ಹರಪ್ಪಾದ ಮಂದಿ ಊರು ಕಟ್ಟುವಾಗ ಓಣಿಗಳನ್ನು ನೆಟ್ಟಗೆ ಅಡ್ಡಕ್ಕೂ ಉದ್ದಕ್ಕೂ ಹಾಯಿಸಿದ್ದು. ಈಜಿಪ್ಟಿನ ಚಿತ್ರಗಾರರು ಗೋರಿಯ ಗೋಡೆಯ ಮೇಲೆ ರಾಜನನ್ನು ಬಿಡಿಸುವ ಮೊದಲು ಕೆಂಪು ಬಣ್ಣದಲ್ಲಿ ದಾರ ಅದ್ದಿ ಹೀಗೇ ಟಪ್ಪೆನ್ನಿಸಿ ಚೌಕ ಹಾಕುತ್ತಿದ್ದುದು. ನಮ್ಮ ಶಿಲ್ಪಿಗಳು ಗುಡಿ ಕಟ್ಟುವ ಮುಂಚೆ ನೆಲದ ಮೇಲೆ ಅರವತ್ನಾಲ್ಕು ಮನೆ ಬರೆಯುತ್ತಿದ್ದುದು. ಕಡೆಗೆ ಸಮುದ್ರದ ಮೇಲೂ ಗೆರೆ ಎಳೆದು, ಇಡೀ ಭೂಮಿಯನ್ನೇ ಒಂದು ಹಾಳೆಗೆ ಇಳಿಸಿದ್ದು...

"ಭೂಮಿ ದುಂಡಗ ಐತಿ. ಹೊಳಿ ಸೊಟ್ಟ ಹರೀತೈತಿ. ಮನಷ್ಯಾ ಒಬ್ಬನ ಚೌಕ ಹಾಕ್ಕೊಂತ ಬಂದಾನ. ಯಾಕಂತೀರಿ?"

ಮಾಸ್ತರು ಕಿಸೆಯಿಂದ ದಾರದ ಉಂಡೆ ಹೊರತೆಗೆದರು.

"ದೊಡ್ಡದನ್ನ ಒಮ್ಮಿಗೇ ಹಿಡ್ಯಾಕ ಆಗೂದಿಲ್ಲ ನೋಡ್ರೆವಾ, ಅದಕ್ಕ."

ನನಗೆ ಸಾವಿರಾರು ವರ್ಷ ಹಿಂದಿನ ಯಾರದೋ ಕೈಯ ದಾರ ಇವರ ಕಿಸೆಯ ತನಕ ಬಂದು ಮುಟ್ಟಿದೆ ಅನ್ನಿಸಿತು.

ಆ ವರ್ಷವೇ ನಮ್ಮ ಗಂಟಿ ಆಯಿ ತೀರಿಕೊಂಡಳು. ಶಾಲೆಯ ಗಂಟೆ ಹೊಡೆಯುವುದು, ನೀರು ತುಂಬುವುದು, ಕಸ ಗುಡಿಸುವುದು ಎಲ್ಲ ಅವಳದೇ. ಹೊಟ್ಟೆನೋವೆಂದು ಅತ್ತವರನ್ನು ತನ್ನ ಸೆರಗು ಹಾಸಿ ಮಲಗಿಸುತ್ತಿದ್ದಳು. ಶನಿವಾರ ಗಂಟೆ ಹೊಡೆದು ಹೋದವಳು ಸೋಮವಾರ ಬರಲಿಲ್ಲ.

ಹದಿನೈದು ದಿನದ ಮೇಲೆ, ಹಲಗೇರಿಗೆ ಕೊಟ್ಟಿದ್ದ ಅವಳ ಮಗಳು ಕೂಸನ್ನೆತ್ತಿಕೊಂಡು ಶಾಲೆಗೆ ಬಂದಳು. "ನಮ್ಮವ್ವಂದು ಒಂದು ಫೋಟೋ ಇದ್ರ ಕೊಡ್ರಿ. ಮನ್ಯಾಗ ಒಂದೂ ಇಲ್ಲ. ಈ ಕೂಸಿಗೆ ಆಯಿ ಮಾರಿ ನೆನಪ ಉಳಿಯಂಗಿಲ್ಲರೀ," ಎಂದಳು.

ಶಾಲೆಯ ಫೋಟೋಗಳನ್ನೆಲ್ಲ ಇಳಿಸಿ ನೋಡಿದರು. ಪ್ರತಿ ವರ್ಷ ಫೋಟೋಕ್ಕೆ ಬೆಂಚು ಹೊತ್ತು ತಂದವಳು ಆಯಿ. ಒಂದರಲ್ಲೂ ಅವಳನ್ನು ನಿಲ್ಲಿಸಿಕೊಂಡಿರಲಿಲ್ಲ. ಕಡೆಗೆ ಒಂದರಲ್ಲಿ ಸಿಕ್ಕಳು. ಹಿಂದೆ ಬಾಗಿಲ ಬಳಿ ನಿಂತಿದ್ದಾಳೆ, ಮುಖ ಹುಣಸೆಬೀಜದಷ್ಟು. ಸ್ಟುಡಿಯೋದವನು ಅಷ್ಟನ್ನೇ ದೊಡ್ಡದು ಮಾಡಿ ಒಂದು ಪೋಸ್ಟ್ ಕಾರ್ಡಿನ ಅಳತೆಗೆ ತಂದ. ಅದೂ ಮಬ್ಬು. ಹತ್ತಿರದಿಂದ ನೋಡಿದರೆ ಹೊಗೆ ಮೆತ್ತಿದ ಗೋಡೆಯ ಹಾಗೆ.

ಮಾಸ್ತರು ಆ ಕಾರ್ಡಿನ ಮೇಲೆ ಚೌಕ ಹಾಕಿದರು. ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು. ಕತ್ತರಿಸಿ, ಹಿಂದೆ ನಂಬರು ಬರೆದು, ನಮ್ಮ ಒಂಬತ್ತನೇ ಕ್ಲಾಸಿನ ನಲವತ್ತೇಳು ಹುಡುಗಿಯರಿಗೆ ಒಂದೊಂದು ಚೂರು, ಒಂದೊಂದು ಗೇಣಗಲದ ಹಾಳೆ, ಇದ್ದಿಲಿನ ಒಂದೊಂದು ತುಂಡು ಕೊಟ್ಟರು. ಕೊನೆಯದನ್ನು ತಾವಿಟ್ಟುಕೊಂಡರು.

"ಚೂರಿನ್ಯಾಗ ಕಂಡದ್ದಷ್ಟ ಹಾಳಿ ತುಂಬ ದೊಡ್ಡದಾಗಿ ಬರೀರಿ. ತಿಳಿದದ್ದನ್ನ ಬರೀಬ್ಯಾಡ್ರಿ," ಎಂದರು.

ನನ್ನದು ಹದಿನೈದನೆಯದು. ಲೆಕ್ಕ ಹಾಕಿದೆ, ಅದು ಆಯಿಯ ಕಣ್ಣು. ಚೂರಿನಲ್ಲಿ ಇದ್ದದ್ದು ಕಪ್ಪು ಮಬ್ಬು, ಒಂದು ಮೂಲೆಯಲ್ಲಿ ಸ್ವಲ್ಪ ಬೆಳಕು, ಅಷ್ಟೇ. ಇದೆಂಥ ಕಣ್ಣು ಎಂದು ನನಗೆ ನಾಚಿಕೆಯಾಯಿತು. ಆಯಿಗೆ ಚೆಂದದ್ದೇ ಇರಲಿ ಎಂದು ರೆಪ್ಪೆ, ಗುಡ್ಡೆ, ಹುಬ್ಬು ಎಲ್ಲ ತಿದ್ದಿ ತೀಡಿ ಬರೆದೆ. ನನ್ನಷ್ಟು ಚೊಲೊ ಯಾರೂ ಬರೆದಿಲ್ಲ ಎಂಬ ಹಮ್ಮು ಬೇರೆ.

ಶನಿವಾರ ಮಧ್ಯಾಹ್ನ ಮಗಳು ಬರುವವಳಿದ್ದಳು. ಬೆಳಿಗ್ಗೆ ಪಡಸಾಲೆಯ ಗೋಡೆಗೆ ಮಾಸ್ತರು ಮತ್ತು ನಾನು ದಾರ ಎಳೆದು ಹಿಡಿದೆವು. ಅವರ ಕೈ ನಡುಗುತ್ತಲೇ ಇತ್ತು. ದಾರ ಬಿಟ್ಟಾಗ ಬಿದ್ದ ಗೆರೆ ಮಾತ್ರ ನೆಟ್ಟಗಿತ್ತು. ಅವರ ಕಿಸೆಯಲ್ಲಿ ಸದಾ ದಾರ ಯಾಕೆ ಇರುತ್ತಿತ್ತು ಎಂದು ಆಗ ತಿಳಿಯಿತು. ಒಂದೊಂದೇ ಹಾಳೆ ಅಂಟಿಸುತ್ತ ಹೋದೆವು. ಕಡೆಯದು ಅಂಟಿಸಿ, ಪಡಸಾಲೆಯ ಆ ತುದಿಗೆ ಹೋಗಿ ತಿರುಗಿ ನೋಡಿದರೆ ಗಂಟಿ ಆಯಿ ಬಂದು ನಿಂತಿದ್ದಳು! ಆದರೆ ಒಂದು ಕಣ್ಣು ಮಾತ್ರ ಸಿನಿಮಾದ ಪೋಸ್ಟರಿನದು. ಮಾರಿಯೇ ಕೆಟ್ಟಿತ್ತು. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮಾಸ್ತರು ಬೈಯಲಿಲ್ಲ. ಹೊಸ ಹಾಳೆ ಕೊಟ್ಟು, ಚೂರನ್ನು ತಲೆಕೆಳಗು ಮಾಡಿ ನನ್ನ ಮುಂದಿಟ್ಟರು. "ಇದು ಕಣ್ಣಂತ ಮರತಬಿಡು. ಕತ್ತಲ ಎಲ್ಲೈತಿ, ಬೆಳಕ ಎಲ್ಲೈತಿ, ಅಷ್ಟ ನೋಡು. ಲಗೂನ ಮಾಡು, ಆಕಿ ಬರೂ ಹೊತ್ತಾತು."

ಅಳುತ್ತಲೇ ಬರೆದೆ. ಏನು ಬರೆಯುತ್ತಿದ್ದೇನೆಂದು ಗೊತ್ತಿಲ್ಲದೆ, ಕಪ್ಪಿದ್ದಲ್ಲಿ ಕಪ್ಪು, ಬಿಳಿ ಇದ್ದಲ್ಲಿ ಬಿಳಿ. ಹಳೆಯದರ ಮೇಲೆ ಇದನ್ನು ನೆಟ್ಟಗೆ ತಿರುಗಿಸಿ ಅಂಟಿಸಿ ಹಿಂದೆ ಸರಿದೆ. ಆಯಿ ನನ್ನನ್ನೇ ನೋಡುತ್ತಿದ್ದಳು. ಗಂಟೆ ಹೊಡೆಯುವ ಮುನ್ನ ಗಡಿಯಾರ ನೋಡಲು ಕಣ್ಣು ಕಿರಿದು ಮಾಡುತ್ತಿದ್ದಳಲ್ಲ, ಅದೇ ನೋಟ. ಅದನ್ನು ನಾನು ಬರೆದಿರಲಿಲ್ಲ. ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಎಲ್ಲಿಂದ ಬಂತು? ಇಂದಿಗೂ ನನಗೆ ಅಚ್ಚರಿಯೇ.

ಮಗಳು ಬಂದಳು. ದೂರದಲ್ಲೇ ನಿಂತುಬಿಟ್ಟಳು. ಆಮೇಲೆ ಓಡಿಹೋಗಿ ಗೋಡೆ ಮುಟ್ಟಿದಳು. ಅಲ್ಲಿ ಬರೀ ಇದ್ದಿಲ ಮಸಿ. ಮತ್ತೆ ಹಿಂದೆ ಬಂದಳು, ಮತ್ತೆ ಮುಂದೆ ಹೋದಳು.

"ಹತ್ರ ಹೋದ್ರ ಕಾಣವಲ್ಲಳು. ದೂರ ನಿಂತ್ರ ಬರತಾಳರೀ ನಮ್ಮವ್ವ," ಎಂದವಳೇ ಮಾಸ್ತರ ಕಾಲಿಗೆ ಬೀಳಲು ಹೋದಳು. ಅವರು ಸರ್ರನೆ ಸರಿದು ನಮ್ಮತ್ತ ಕೈ ತೋರಿಸಿದರು. ಆ ತೋರಿಸಿದ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಈ ಸಲ ಯಾರೂ ನಗಲಿಲ್ಲ.

ಮಾಸ್ತರು ಮುಂದೆ ಎರಡು ವರ್ಷಕ್ಕೆ ನಿವೃತ್ತರಾದರು. ಹಳೆಯ ಕಟ್ಟಡ ಬಿಚ್ಚಿದಾಗ ಆ ಚಿತ್ರವೂ ಹೋಯಿತು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂದು ವರ್ಷ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ. ರಾಣೇಬೆನ್ನೂರಿಗೆ ಹೋಗಿ ಅವರ ಹೆಂಡತಿಯನ್ನು ಕಂಡೆ.

"ಕಡೀಕಡೀಗೆ ಚಹಾದ ಕಪ್ಪೂ ನಾನ ಹಿಡೀತಿದ್ನೆವಾ," ಎಂದರು ಆ ತಾಯಿ. "ಕೈ ಹೋತು ಅಂತ ನಾ ಅತ್ರ, 'ಹುಚ್ಚಿ, ನನಗ ನಲವತ್ತೇಳು ಜೋಡಿ ಕೈ ಅದಾವ' ಅಂತಿದ್ರು."

ನಾನೀಗ ಹಾವೇರಿಯಲ್ಲಿ ಹಳೆಯ ಊರುನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುತ್ತೇನೆ. ನಿನ್ನೆ ಐರಣಿಯ ನಕ್ಷೆ ಮೇಜಿಗೆ ಬಂತು. ಮಾಸಿದ ಬಟ್ಟೆಗೆ ಅಂಟಿಸಿದ ಹಾಳೆ, ತುಂಬ ಸಣ್ಣ ಸಣ್ಣ ಚೌಕ. ಅವನ್ನು ಕಿಂಚಿತ್ತೂ ಲೆಕ್ಕಿಸದೆ ತುಂಗಭದ್ರೆ ಸೊಟ್ಟಗೆ ಹಾಯ್ದು ಹೋಗಿದ್ದಳು. ಒಂದು ಚೌಕದಲ್ಲಿ ಬರೀ ದಂಡೆ, ಇನ್ನೊಂದರಲ್ಲಿ ಒಂದು ಚೂರು ನೀರು, ಮತ್ತೊಂದರಲ್ಲಿ ಏನೂ ಇಲ್ಲ. ಎದ್ದು ನಿಂತು ದೂರ ಸರಿದು ನೋಡಿದೆ. ಇಡೀ ಹೊಳೆ!

"ಏನ್ ನೋಡಾಕತ್ತೀರಿ ಮೇಡಮ್ಮಾರ?" ಎಂದಳು ಪಕ್ಕದ ಮೇಜಿನವಳು.

ಹೇಳಬೇಕೆನ್ನಿಸಿದ್ದು ಒಬ್ಬರಿಗೆ. ಅವರಿಲ್ಲ. "ಹೊಳಿ ನೋಡಾಕತ್ತೇನಿ," ಎಂದು ಕುಳಿತೆ.