ಬೆಂಚಿನಲ್ಲಿ ಹುಟ್ಟಿದ ಸುದ್ದಿ

ಊರಿನ ಸಣ್ಣ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ ಅವನನ್ನು ಎಲ್ಲರೂ ‘ಬಿಸಿ’ ಎಂದೇ ಕರೆಯುತ್ತಿದ್ದರು. ಸುದ್ದಿ ಆರುವ ಮೊದಲೇ ಜನರಿಗೆ ಮುಟ್ಟಿಸಬೇಕು ಎಂಬ ಹಟ ಅವನದು. ತಟ್ಟೆ ಮುಂದೆ ಕೂತರೂ ಒಂದು ಕೈ ಫೋನಿನ ಮೇಲೆ.

“ನಿನ್ನ ಸುದ್ದಿ ಬಿಸಿ, ಊಟ ಮಾತ್ರ ತಣ್ಣಗೆ” ಎಂದು ಅಕ್ಕ ರೇಗಿಸುತ್ತಿದ್ದಳು.

ಅಕ್ಕ ಊರಿನ ಒಂದೇ ಒಂದು ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವವಳು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಬಿಸಿಗೆ ಬರುತ್ತಿದ್ದುದು ಪೆಟ್ರೋಲಿಗೂ ಫೋನಿಗೂ ಸರಿಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ಕೊನೆಯ ಮಾತು ಅಕ್ಕನದೇ. ಅವಳು ಮೊದಲೇ ಹೇಳಿಬಿಟ್ಟಿದ್ದಳು: “ಮಾಲೀಕರ ವಿಷಯ ನಾನು ಮನೆಗೆ ತರಲ್ಲ. ನಿನ್ನ ಪ್ರಶ್ನೆ ನನ್ನ ಕಿಟಕಿಗೆ ತರಬೇಡ.”

ಹಿಂದೆ ಕೋರ್ಟಿನ ಮುಂದೆ ಒಂದು ಬೆಂಚಿತ್ತು. ಬೇರೆ ಬೇರೆ ಪತ್ರಿಕೆಯವರು ಅಲ್ಲಿ ಕೂತು, ಒಬ್ಬರು ಬರೆದುಕೊಂಡಿದ್ದನ್ನು ಇನ್ನೊಬ್ಬರು ನೋಡಿಕೊಂಡು ಕಚೇರಿಗೆ ಹೋಗುತ್ತಿದ್ದರು. ಬೆಂಚು ಕುಸಿದ ಮೇಲೆ ವಾಟ್ಸ್ಯಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡರು. ಅದಕ್ಕೂ ‘ಬೆಂಚು’ ಎಂದೇ ಹೆಸರಿಟ್ಟರು. ಫೋಟೊ ಸಿಗದವರಿಗೆ ಫೋಟೊ ಬರುತ್ತಿತ್ತು. ಒಬ್ಬರು ಸಭೆಗೆ ಹೋದರೆ ಎಲ್ಲರ ಕೆಲಸವೂ ಮುಗಿಯುತ್ತಿತ್ತು. ಹೊಸ ಕಾನೂನು ತಲೆಗೆ ಹೋಗದಿದ್ದರೆ ಅಲ್ಲೇ ಕೇಳುತ್ತಿದ್ದರು. ತಪ್ಪು ಬರೆದವರ ಕಾಲನ್ನೂ ಅಲ್ಲೇ ಎಳೆಯುತ್ತಿದ್ದರು. ಕಟ್ಟಳೆ ಇದ್ದುದು ಒಂದೇ: ಏನು ಬೇಕಾದರೂ ಕೇಳಬಹುದು, ‘ನಿನಗೆ ಹೇಳಿದ್ದು ಯಾರು’ ಎಂದು ಮಾತ್ರ ಕೇಳುವಂತಿಲ್ಲ. ಸುದ್ದಿ ಕೊಟ್ಟವರನ್ನು ಬಿಟ್ಟುಕೊಡಬಾರದು. ಅದು ಕಸುಬಿನ ಮರ್ಯಾದೆ.

ಒಂದು ಬೆಳಿಗ್ಗೆ ಅಕ್ಕನಿಗೆ ಊಟದ ಡಬ್ಬಿ ಕೊಡಲು ಹೋದಾಗ ಬಿಸಿ ಬಾಗಿಲ ಸಂದಿಯಲ್ಲಿ ಇಣುಕಿದ. ಮಾಲೀಕರ ಜೊತೆ ಹೊಸಬರಿಬ್ಬರು ಟೇಪು ಹಿಡಿದು ನೆಲ ಅಳೆಯುತ್ತಿದ್ದರು. ಇವನನ್ನು ಕಂಡದ್ದೇ ತಡ, ಮಾಲೀಕರು ಬಾಗಿಲು ಹಾಕಿಕೊಂಡರು. ಅಕ್ಕನನ್ನು ಕೇಳುವಂತಿಲ್ಲ. ಬೆಂಚಿನಲ್ಲಿ ಕೇಳಿದ: “ಸಿನಿಮಾ ಮಂದಿರ ಅಳೀತಿದ್ದಾರೆ. ಮಾರ್ತಿದ್ದಾರಾ? ಯಾರಿಗಾದ್ರೂ ಗೊತ್ತಾ?”

ಯಾರೂ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಬೆಂಚಿನಲ್ಲಿದ್ದ ರೇಡಿಯೊದವನು ಫೋನ್ ಮಾಡಿದ. “ಮಾರಾಟ ಆಗೇಹೋಯ್ತಂತೆ ಗುರು. ಒಳಗಿನೋರೇ ಹೇಳಿದ್ದು.” ಬೆನ್ನಿಗೇ ಫೋಟೊಗ್ರಾಫರ್. “ಈ ವಾರವೇ ಬೀಗ ಬೀಳುತ್ತಂತೆ.” ಆಮೇಲೆ ಸಂಜೆ ಪತ್ರಿಕೆಯ ಮೇಡಂ. “ಅಲ್ಲಿ ದೊಡ್ಡ ಕಾಂಪ್ಲೆಕ್ಸ್ ಬರುತ್ತಂತೆ ಕಣ್ರೀ.”

ಮೂರು ಬಾಯಿಂದ ಬಂದ ಮೇಲೆ ಇನ್ನೇನು ಅನುಮಾನ? ಮಾಲೀಕರಿಗೆ ಫೋನ್ ಮಾಡಿದ. ಎತ್ತಲಿಲ್ಲ. ಅಕ್ಕನ ಗತಿಯೇನು ಎಂದು ಸಂಕಟಪಡುತ್ತಲೇ ಬರೆದ. ‘ಸಿನಿಮಾ ಮಂದಿರಕ್ಕೆ ಬೀಗ’ ಎಂದು ಪತ್ರಿಕೆಯವರು ಫೇಸ್‌ಬುಕ್ಕಿಗೆ ಹಾಕಿದರು. ಬೆಂಚಿನವರೆಲ್ಲ ಹಂಚಿದರು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು.

“ಏನೋ ಮಾಡ್ದೆ? ಸುದ್ದಿ ನಾನೇ ಕೊಟ್ಟೆ ಅಂತ ಮಾಲೀಕ್ರು ನನ್ನ ಎಬ್ಬಿಸಿ ಹೊರಗೆ ಕಳಿಸಿದ್ದಾರೆ. ನಾಳೆಯಿಂದ ಬರೋದೇ ಬೇಡ್ವಂತೆ!”

“ಮಂದಿರ ಮಾರ್ತಿಲ್ವಾ?”

“ಕುರ್ಚಿ ಕಣೋ! ಹೊಸ ಕುರ್ಚಿ ಹಾಕ್ಸೋಕೆ ಅಳತೆ ತಗೊಂಡ್ರು! ಎಲ್ಲರಿಗೂ ಒಮ್ಮೆಲೇ ತೋರ್ಸೋಣ ಅಂತ ಗುಟ್ಟಾಗಿಟ್ಟಿದ್ರು.”

ಬಿಸಿ ತಣ್ಣಗಾದ. ಬೆಂಚಿನಲ್ಲಿ ಬರೆದ: “ಇವತ್ತೊಂದಿನ ಕಟ್ಟಳೆ ಬಿಡಿ. ನಿಮಗೆ ಹೇಳಿದ್ದು ಯಾರು? ನನ್ನಕ್ಕನ ಕೆಲಸ ಹೋಗ್ತಿದೆ.”

ರೇಡಿಯೊದವನು ಬರೆದ: “ಫೋಟೊಗ್ರಾಫರ್.”

“ಒಳಗಿನೋರು ಅಂದ್ಯಲ್ಲೋ!”

“ನಮ್ಮ ಬೆಂಚಿನೊಳಗಿನೋರೇ ಅಲ್ವಾ?”

ಫೋಟೊಗ್ರಾಫರ್ ಬರೆದ: “ನನಗೆ ಮೇಡಂ ಹೇಳಿದ್ದು.”

ಮೇಡಂ ಬಹಳ ಹೊತ್ತು ಟೈಪು ಮಾಡಿದರು. ಬಂದದ್ದು ಇಷ್ಟೇ: “ನೀವೇ ಬೆಳಿಗ್ಗೆ ಕೇಳಿದ್ರಲ್ಲ. ಬಿಸಿ ಕೇಳ್ತಿದ್ದಾರೆ ಅಂದ್ರೆ ಏನೋ ಇದ್ದೇ ಇರುತ್ತೆ ಅಂದ್ಕೊಂಡೆ.”

“ಮತ್ತೆ ಆ ಕಾಂಪ್ಲೆಕ್ಸು?”

“ಅದು ನನ್ನ ಅಂದಾಜು.”

ಅವನ ಪ್ರಶ್ನೆಯೇ ಊರು ಸುತ್ತಿ, ಮೈಕೈ ತುಂಬಿಕೊಂಡು, ಉತ್ತರವಾಗಿ ಅವನ ಬಳಿಗೇ ಬಂದಿತ್ತು.

ಬಿಸಿ ಬೈಕ್ ಹತ್ತಿ ಹೋದ. ಮಂದಿರದ ಮುಂದೆ ಜನರ ಸಾಲು ರಸ್ತೆಯವರೆಗೂ ಬೆಳೆದಿತ್ತು. ಕೊನೆಯದಾಗಿ ನೋಡಿಬಿಡೋಣ ಎಂದು ಮಕ್ಕಳುಮರಿ ಕಟ್ಟಿಕೊಂಡು ಬಂದವರು, ಗೋಡೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವವರು. ಅಕ್ಕ ಮೆಟ್ಟಿಲ ಮೇಲೆ ಚೀಲ ತಬ್ಬಿ ಕೂತಿದ್ದಳು.

ಬಿಸಿ ಮಾಲೀಕರಿಗೆ ಫೋನಿನಲ್ಲಿ ಬೆಂಚಿನ ಮಾತುಕತೆ ತೋರಿಸಿದ. ಅವರು ಕನ್ನಡಕ ಏರಿಸಿ ಎಲ್ಲ ಓದಿದರು.

“ನಿಮ್ಮಕ್ಕಂದು ತಪ್ಪಿಲ್ಲ, ಸರಿ” ಎಂದರು. ಆಮೇಲೆ ಸಾಲಿನ ಕಡೆ ನೋಡಿ ದನಿ ಇಳಿಸಿದರು. “ಆದ್ರೆ ಒಂದ್ ಮಾತು. ಆ ಸುದ್ದಿ ಭಾನುವಾರದ ತನಕ ಹಾಗೇ ಇರ್ಲಪ್ಪ. ಅಕ್ಕ ಈಗ್ಲೇ ಒಳಗೆ ಬರ್ಲಿ. ನೀನು ಅವಸರ ಮಾಡ್ಬೇಡ.”

ಬಿಸಿ ಫೋನು ಜೇಬಿಗಿಟ್ಟ. ಅಕ್ಕನ ಹತ್ತಿರ ಹೋಗಿ ಮಾಲೀಕರು ಹೇಳಿದ್ದನ್ನು ತಿಳಿಸಿದ.

“ಏನ್ ಮಾಡ್ಲಿ ಅಕ್ಕಾ?”

“ಬರೆಯೋವಾಗ ಕೇಳಿದ್ಯಾ ನನ್ನ?”

“ಅಕ್ಕಾ, ಹೇಳೇ.”

ಅವಳು ಸಾಲಿನ ಕಡೆ ಕೈ ತೋರಿಸಿದಳು. “ನಾಳೆನೂ ಇವರ ಮುಖ ನೋಡ್ಬೇಕಾದೋಳು ನಾನು. ಸುಳ್ಳಿಗೆ ಟಿಕೆಟ್ ಹರಿದು ಕೊಡಲ್ಲ. ಹಾಕೋ, ಈಗ್ಲೇ ಹಾಕು.”

ಬಿಸಿ ಬರೆದ: “ಸಿನಿಮಾ ಮಂದಿರ ಮುಚ್ಚುತ್ತಿಲ್ಲ. ಯಾರನ್ನೂ ಸರಿಯಾಗಿ ಕೇಳದೆ ಬರೆದೆ. ತಪ್ಪು ನನ್ನದು.” ಪತ್ರಿಕೆಗೂ ಬೆಂಚಿಗೂ ಕಳಿಸಿದ. ಬೆಂಚಿನವರು ಒಬ್ಬೊಬ್ಬರಾಗಿ ಅದನ್ನೂ ಹಂಚಿದರು. ಮೇಡಂ ತಮ್ಮ ಅಂದಾಜಿಗೂ ಸೇರಿಸಿ ಕ್ಷಮೆ ಕೇಳಿದರು.

ಸಾಲಿನಲ್ಲಿ ಫೋನುಗಳು ಗುಂಯ್‌ಗುಟ್ಟಿದವು. ಕೆಲವರು ಬೈದರು, ಕೆಲವರು ಹೊರಟೇಹೋದರು. “ಬಂದಾಯ್ತಲ್ಲ, ನೋಡ್ಕೊಂಡೇ ಹೋಗೋಣ” ಎಂದು ಉಳಿದವರೇ ಹೆಚ್ಚು. ಮಾಲೀಕರು ಬಿಸಿಯನ್ನು ದುರುಗುಟ್ಟಿ ನೋಡಿ, ತಾವೇ ಕಿಟಕಿಯಲ್ಲಿ ಕೂತರು. ಒಂದೇ ಸೀಟನ್ನು ಇಬ್ಬಿಬ್ಬರಿಗೆ ಕೊಟ್ಟರು. ಒಳಗೆ ಜಗಳ ಹತ್ತಿಕೊಂಡಿತು. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಬಾಮ್ಮಾ, ಬಂದು ಕೂತ್ಕೋ. ನನ್ ಕೈಲಾಗಲ್ಲ.”

“ನಾಳೆ?”

“ನಾಳೆನೂ.”

“ಎಲ್ಲರಿಗೂ ಕೇಳೋ ಹಾಗೆ ಹೇಳಿ ಸಾರ್.”

ಮಾಲೀಕರು ಕೂಗಿ ಹೇಳಿದರು. ಯಾರೋ ಶಿಳ್ಳೆ ಹೊಡೆದರು. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. “ಯಾರ್ರೀ ಮುಂದೆ? ನೂಕಬೇಡಿ, ಎಲ್ಲರಿಗೂ ಕೊಡ್ತೀನಿ.”

ಬೆಂಚಿನಲ್ಲಿ ರೇಡಿಯೊದವನು ಕೇಳಿದ್ದ: “ಅಕ್ಕನ ಕೆಲಸ ಉಳೀತಂತಾ?”

ಬಿಸಿ ಕಿಟಕಿಯ ಕಡೆ ಇನ್ನೊಮ್ಮೆ ನೋಡಿ ಟೈಪು ಮಾಡಿದ: “ಉಳೀತಂತೆ ಅಲ್ಲ, ಉಳೀತು. ಎದುರಿಗೇ ನಿಂತಿದ್ದೀನಿ.”