ಅಣ್ಣನ ಪೇಪರ್

ಟೈಲರ್ ಮಾಸ್ಟರ್‌ಗೂ ನನಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಅತ್ತ ಅವನ ಹೊಲಿಗೆ ಮೆಷಿನ್, ಇತ್ತ ನನ್ನ ವಾಚ್ ರಿಪೇರಿ. ಇಪ್ಪತ್ತಾರು ವರ್ಷದಿಂದ ಅವನು ಕೆಮ್ಮಿದರೂ ನನಗೆ ಗೊತ್ತಾಗುತ್ತದೆ, ನಾನು ಆಕಳಿಸಿದರೂ ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ಅವನ ವಿಷಯ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದುಕೊಂಡಿದ್ದೇನೆ. ಅದರಲ್ಲೂ ಅವನ ತಲೆಯಲ್ಲಿ ಆ ಹುಳು ಬಿಟ್ಟವನು ನಾನೇ.

ಅವನ ಅಂಗಡಿಯ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದಾನೆ. ಒಂದೊಂದು ಮೊಳೆಗೂ ಒಬ್ಬೊಬ್ಬ ಕಾಯಂ ಗಿರಾಕಿಯ ಅಳತೆ, ಎಲ್ಲವೂ ಹಳೆಯ ಪೇಪರಿನಲ್ಲಿ ಕತ್ತರಿಸಿದ ಬೆನ್ನು, ತೋಳು, ಕಾಲರ್. ಅದನ್ನು ಬಟ್ಟೆಯ ಮೇಲಿಟ್ಟು, ಚಾಕ್‌ನಲ್ಲಿ ಗೆರೆ ಎಳೆದು, ಆಮೇಲೆ ಕತ್ತರಿ ಹಾಕುತ್ತಾನೆ. ಪೇಪರಿನಲ್ಲಿ ಫೋಟೋ ಬಂದ ಎಷ್ಟೋ ಮಂತ್ರಿಗಳು, ಸಿನಿಮಾದವರು ಆ ಮೊಳೆಗಳಲ್ಲಿ ತೋಳಾಗಿ ಕಾಲರಾಗಿ ನೇತಾಡಿದ್ದಾರೆ. ನೀನು ಯಾವ ಪಕ್ಷ ಎಂದು ಅವನ ಕತ್ತರಿ ಯಾರನ್ನೂ ಕೇಳಿದ್ದಿಲ್ಲ.

ಮೊದಲನೇ ಮೊಳೆ ಅವನ ಅಣ್ಣನದು. ಅಣ್ಣ ಬಸ್ ಡ್ರೈವರ್ ಆಗಿದ್ದವರು. ಮಾಸ್ಟರ್ ತನ್ನ ಕೈಯಾರೆ ಹೊಲಿದ ಮೊದಲ ಅಂಗಿ ಅಣ್ಣನ ಯೂನಿಫಾರ್ಮು, ಒಂದು ತೋಳು ಗಿಡ್ಡ. ಅಣ್ಣ ಅದನ್ನೇ ಹಾಕಿಕೊಂಡು ಒಂದು ವರ್ಷ ಬಸ್ ಓಡಿಸಿದರು. ಕೇಳಿದವರಿಗೆ, "ಗೇರ್ ಹಾಕೋ ಕೈ, ಗಿಡ್ಡ ಇದ್ರೇ ಆರಾಮು" ಎನ್ನುತ್ತಿದ್ದರಂತೆ. ಆಮೇಲೆ ಮೂವತ್ತು ವರ್ಷ ಬೇರೆ ಟೈಲರ್‌ನ ಅಂಗಡಿ ಹತ್ತಲಿಲ್ಲ.

ಎರಡು ವರ್ಷದ ಹಿಂದೆ, ಚುನಾವಣೆಯ ಸಮಯದಲ್ಲಿ, ಅಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಣ್ಣ ಓದುವ ಪೇಪರ್ ಒಂದು ಪಕ್ಷದ್ದು, ಮಾಸ್ಟರ್ ಓದುವುದು ಇನ್ನೊಂದರದ್ದು. ಮಾತಿಗೆ ಮಾತು ಬೆಳೆಯಿತು. ಮಾಸ್ಟರ್‌ಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಿನ್ನ ಪೇಪರ್ ಓದೋಕಲ್ಲ, ನನ್ನ ಕತ್ತರಿಗೆ ಮಾತ್ರ ಲಾಯಕ್ಕು" ಎಂದುಬಿಟ್ಟ. ಅಣ್ಣ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅಣ್ಣ ರೆಡಿಮೇಡ್ ಅಂಗಿ ಹಾಕಿಕೊಂಡು ನಮ್ಮ ಎದುರಿನ ಫುಟ್‌ಪಾತ್‌ನಲ್ಲೇ ಓಡಾಡತೊಡಗಿದರು. ಮಾಸ್ಟರ್ ಮೆಷಿನ್ ನಿಲ್ಲಿಸಿ ನೋಡುತ್ತಿದ್ದ. "ಭುಜ ಒಂದು ಇಂಚು ಕೆಳಗೆ ಬಿದ್ದಿದೆ, ನೋಡು" ಎನ್ನುತ್ತಿದ್ದ. ಬೇರೆಯವರ ಮನೆಯಲ್ಲಿ ಸಾವಾದಾಗಲೂ ಅವನ ದನಿ ಅಷ್ಟು ಇಳಿದಿದ್ದನ್ನು ನಾನು ಕೇಳಿಲ್ಲ.

ಹೋದ ವರ್ಷ ಅಣ್ಣನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಮಾಸ್ಟರ್ ವಾರ್ಡಿನ ಬಾಗಿಲವರೆಗೆ ಹೋಗಿ ವಾಪಸ್ ಬಂದ. "ಒಳಗೆ ಹೋಗಿ ಏನು ಮಾತಾಡಲಿ? ಬಾಯಿ ಬಿಟ್ರೆ ಮತ್ತೆ ಅದೇ ಶುರುವಾಗುತ್ತೆ. ಹೀಗೇ ಇರುವಾಗ ಅಣ್ಣ ಹೋಗಿಬಿಟ್ರೆ ನಾನು ಏನು ಮಾಡ್ಲಿ?" ಎಂದ.

ಆಗ ನಾನು ದೊಡ್ಡ ಬುದ್ಧಿವಂತನ ಹಾಗೆ ಬಾಯಿ ಹಾಕಿದೆ. "ನಿಂಗೆ ಅಣ್ಣನ ತಲೆಯಲ್ಲಿ ಏನಿದೆ ಅಂತಾನೇ ಗೊತ್ತಿಲ್ಲ ಮಾರಾಯ. ಆರು ತಿಂಗಳು ಅವರ ಪೇಪರ್ ಓದು. ತಪ್ಪು ಹುಡುಕೋಕಲ್ಲ, ಸುಮ್ನೆ ಓದು. ಆಮೇಲೆ ಹೋಗಿ ಮಾತಾಡು."

ಅವನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಮರುದಿನವೇ ಪೇಪರ್ ಏಜೆಂಟ್‌ಗೆ ಹೇಳಿದ. "ಏನ್ ಮಾಸ್ಟ್ರೇ, ಪಾರ್ಟಿ ಬದಲಾಯಿಸಿದ್ರಾ?" ಎಂದು ಅವನು ಹುಬ್ಬೇರಿಸಿದ. ಮೊದಲ ತಿಂಗಳು ಗೋಡೆಯಾಚೆಯಿಂದ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. "ಸುಳ್ಳು! ಶುದ್ಧ ಸುಳ್ಳು!" ಎಂದು ಮೇಜು ಗುದ್ದುತ್ತಿದ್ದ. ಎರಡನೇ ತಿಂಗಳು ಗುದ್ದುವುದು ಕಡಿಮೆಯಾಯಿತು. ಮೂರನೇ ತಿಂಗಳು ತನ್ನ ಹಳೆಯ ಪೇಪರನ್ನೇ ನಿಲ್ಲಿಸಿದ. ಎರಡೂ ಓದುತ್ತ ಕೂತರೆ ಹೊಲಿಯುವುದು ಯಾವಾಗ ಎಂದ. ಟೀ ಅಂಗಡಿಯಲ್ಲಿ ಅವನ ಪಕ್ಷದ ಗೆಳೆಯರು ಇವನನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಅದು ಅವನಿಗೆ ಚುಚ್ಚಿತು, ಆದರೂ ಓದಿದ.

ಐದನೇ ತಿಂಗಳು ಒಂದು ದಿನ ಪೇಪರ್ ಹಿಡಿದುಕೊಂಡು ನನ್ನ ಅಂಗಡಿಗೇ ಬಂದ. ಚುನಾವಣೆಗೂ ಮೊದಲೇ ಮುಚ್ಚಿದ್ದ, ಅಣ್ಣ ಕೆಲಸ ಮಾಡುತ್ತಿದ್ದ ಡಿಪೋದ ಕತೆಯನ್ನು ಈಗ ಪುಟದ ತುಂಬ ಬರೆದಿದ್ದರು. ನಲವತ್ತು ಡ್ರೈವರುಗಳಿಗೆ ಬೆಳಗಿನ ಪಾಳಿಗೆ ಬಂದಾಗ ಗೇಟಿನಲ್ಲೇ ಕಾಗದ ಕೊಟ್ಟು ಮನೆಗೆ ಕಳಿಸಿದ್ದರು. ಹಿಂದಿನ ದಿನ ಬಸ್ಸಿನಲ್ಲೇ ಬಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಳ್ಳಲೂ ಒಳಗೆ ಬಿಟ್ಟಿರಲಿಲ್ಲ. ಮಾಸ್ಟರ್‌ನ ಹಳೆಯ ಪೇಪರಿನಲ್ಲಿ ಆಗ ಅದು ಸುಧಾರಣೆ ಎಂದು ನಾಲ್ಕೇ ಸಾಲು ಬಂದಿತ್ತು.

"ನಂಗೆ ಗೊತ್ತೇ ಇರ್ಲಿಲ್ಲ" ಎಂದ. ಕಣ್ಣು ತುಂಬಿತ್ತು. "ಅಣ್ಣ ತಾನಾಗೇ ಬೇಗ ರಿಟೈರ್ ಆದ ಅಂದ್ಕೊಂಡಿದ್ದೆ."

ಅತ್ತಿಗೆಗೆ ಫೋನ್ ಮಾಡಿದ. ರಾಜಕೀಯ ಒಂದು ಮಾತೂ ಬೇಡ, ಅಣ್ಣ ಅಳತೆ ಕೊಟ್ಟು ಹೋಗಲಿ, ಸಾಕು ಎಂದ. ಅತ್ತಿಗೆ ಹೇಗೋ ಒಪ್ಪಿಸಿದರು. ಭಾನುವಾರ ಮಧ್ಯಾಹ್ನ ಬರುವುದೆಂದಾಯಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅಣ್ಣ ಕಾಯಿಲೆಯಿಂದ ಸೊರಗಿದ್ದರು, ಹಳೆಯ ಅಳತೆ ಈಗ ದೊಗಳೆಯಾಗುತ್ತಿತ್ತು. ಎದುರಿನ ಫುಟ್‌ಪಾತ್‌ನಲ್ಲಿ ನೋಡಿ ನೋಡಿ ಅವರ ಅಳತೆ ಇವನ ಕಣ್ಣಲ್ಲೇ ಕೂತಿತ್ತು. ಅವರು ಬಂದಾಗ ತೋರಿಸಿ ಅಚ್ಚರಿಪಡಿಸೋಣ ಎಂದು ಭಾನುವಾರ ಬೆಳಗ್ಗೆ ಹೊಸ ಅಳತೆ ಕತ್ತರಿಸಲು ಕೂತ. ಕೈ ತನ್ನಷ್ಟಕ್ಕೆ ಪಕ್ಕದ ರಾಶಿಯಿಂದ ಪೇಪರ್ ಎಳೆದುಕೊಂಡಿತು. ರಾಶಿಯಲ್ಲಿ ಈಗ ಇದ್ದದ್ದು ಅಣ್ಣ ಓದುವ ಪೇಪರ್ ಮಾತ್ರ. ಮೂವತ್ತು ವರ್ಷದ ಅಭ್ಯಾಸ, ಟೈಲರ್‌ನ ಕಣ್ಣಿಗೆ ಅಗಲ ಕಾಣುತ್ತದೆಯೇ ಹೊರತು ಅಚ್ಚಾಗಿದ್ದು ಕಾಣುವುದಿಲ್ಲ. ನಾನೂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ನನಗೂ ಕಾಣಲಿಲ್ಲ, ಹಾಳಾದವನಿಗೆ.

ಅಣ್ಣ ಬಂದರು. ಏದುಸಿರು ಬಿಡುತ್ತ ಎರಡು ಮೆಟ್ಟಿಲು ಹತ್ತಿದರು. ಮಾಸ್ಟರ್ ಎದ್ದು ನಿಂತು, "ಬಾ ಅಣ್ಣ" ಎಂದ. ಅಣ್ಣ ತಮ್ಮನ ಮುಖ ನೋಡಿದರು. ಆಮೇಲೆ ಮೇಜು ನೋಡಿದರು.

ಅಂಗಿಯ ಮುಂಭಾಗದ ಅಳತೆ ಮೇಲೆಯೇ ಇತ್ತು. ಕೊರಳಿನ ಸುತ್ತು ಅಣ್ಣನ ಪಕ್ಷದ ನಾಯಕರ ಫೋಟೋದ ಮಧ್ಯೆ ಹಾದುಹೋಗಿತ್ತು. ಅರ್ಧ ಮುಖ ಅಳತೆಯಲ್ಲಿ ಉಳಿದಿತ್ತು, ಇನ್ನರ್ಧ ನೆಲದ ಮೇಲೆ ಚೂರುಗಳ ಜೊತೆ ಬಿದ್ದಿತ್ತು.

"ಕತ್ತರಿಗೆ ಮಾತ್ರ ಲಾಯಕ್ಕು ಅಂದಿದ್ದೆ. ಕರೆಸಿ ತೋರಿಸಿದೆ" ಎಂದರು ಅಣ್ಣ.

"ಅಯ್ಯೋ, ಹಾಗಲ್ಲ ಅಣ್ಣ. ಇದು ನಿನ್ನ ಅಳತೆ. ನಿಂಗೇ ಕತ್ತರಿಸಿದ್ದು. ಐದು ತಿಂಗಳಿಂದ ದಿನಾ ನಿನ್ನ ಪೇಪರ್ ಓದ್ತಿದೀನಿ, ಬೇಕಾದ್ರೆ ಇವನನ್ನ ಕೇಳು."

ನಾನು ಹೌದು ಎಂದೆ. ಅಣ್ಣ ನನ್ನ ಕಡೆ ನೋಡಲಿಲ್ಲ. ಮಾಸ್ಟರ್ ಡ್ರಾಯರ್ ಎಳೆದು, ಮಡಚಿಟ್ಟಿದ್ದ ಡಿಪೋ ಪುಟ ತೆಗೆದ.

"ಇದನ್ನೂ ಓದಿದೆ. ಆ ಊಟದ ಡಬ್ಬಿ ವಿಷಯ ಓದಿ ನಂಗೆ ಅಳು ಬಂತು. ನೀನು ಪಟ್ಟ ಕಷ್ಟ ಈಗ ಗೊತ್ತಾಯ್ತು ಅಣ್ಣ."

ಅಣ್ಣ ಆ ಪುಟವನ್ನು ಕೈಗೆ ತೆಗೆದುಕೊಂಡರು. ಓದಲಿಲ್ಲ. ಮಡಿಕೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದರು.

"ಅವತ್ತು ಊಟಕ್ಕೆ ಕೂತಾಗ ಇದನ್ನೇ ಹೇಳಿದ್ನಲ್ಲೋ. ಗೇಟು, ಕಾಗದ, ಡಬ್ಬಿ, ಎಲ್ಲಾ ಹೇಳಿದ್ದೆ. ಅದಕ್ಕೇ ನೀನು ಕತ್ತರಿ ಮಾತು ಆಡಿದ್ದು."

ಮಾಸ್ಟರ್ ಬಗ್ಗಿ ನೆಲದ ಮೇಲಿನ ಅರ್ಧ ಮುಖದ ಚೂರು ಹೆಕ್ಕಿದ.

"ನಾನು ಬಾಯಿಬಿಟ್ಟು ಹೇಳಿದಾಗ ಕಟ್ಟುಕತೆ. ಪೇಪರಲ್ಲಿ ಬಂದ್ಮೇಲೆ ನಿಂಗೆ ಅಳು ಬಂತು." ಪುಟವನ್ನು ಮೇಜಿನ ಮೇಲಿಟ್ಟು ಅಣ್ಣ ಮೆಟ್ಟಿಲಿಳಿದರು. ಮಾಸ್ಟರ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ನಿಂತಿದ್ದ.

ಆ ಜಗಳದ ಕತೆಯನ್ನು ಮಾಸ್ಟರ್ ನನಗೆ ಹತ್ತು ಸಲವಾದರೂ ಹೇಳಿದ್ದ, ಈ ಒಂದು ಭಾಗ ಒಮ್ಮೆಯೂ ಹೇಳಿರಲಿಲ್ಲ. ಬಚ್ಚಿಟ್ಟಿದ್ದನೇ ಎಂದು ಸಿಟ್ಟು ಬಂದು, ಒಂದು ವಾರದ ಮೇಲೆ ಕೇಳಿಯೇಬಿಟ್ಟೆ. ಅವನು ಸೂಜಿಗೆ ದಾರ ಪೋಣಿಸುತ್ತ, "ಹೇಳಿದ್ದ ಅಂತ ಕಾಣುತ್ತೆ. ನಾನು ಆಗ ಏನ್ ಉತ್ತರ ಕೊಡೋದು ಅಂತ ಯೋಚಿಸ್ತಿದ್ದೆ" ಎಂದ. ದಾರ ಮೂರು ಸಲ ತಪ್ಪಿತು.

ಆ ಅಳತೆಯಲ್ಲೇ ಅಂಗಿ ಹೊಲಿದ. ನಾನೇ ತೆಗೆದುಕೊಂಡು ಹೋಗಿ ಅತ್ತಿಗೆಯ ಕೈಗೆ ಕೊಟ್ಟೆ. ಹದಿನೈದು ದಿನದ ಮೇಲೆ ಅದು ಮಡಿಕೆ ಕೂಡ ಬಿಚ್ಚದೆ, ಚುಚ್ಚಿದ ಗುಂಡುಪಿನ್ನುಗಳ ಸಮೇತ ವಾಪಸ್ ಬಂತು. ಈಗ ಮೊದಲನೇ ಮೊಳೆಗೆ ನೇತಾಡುತ್ತಿದೆ. ಅಣ್ಣ ಈಗ ಎದುರಿನ ಫುಟ್‌ಪಾತ್‌ನಲ್ಲೂ ಬರುವುದಿಲ್ಲ, ಹಿಂದಿನ ಬೀದಿಯಿಂದ ಹೋಗುತ್ತಾರೆ.

ಪೇಪರ್ ಮಾತ್ರ ಇನ್ನೂ ಬರುತ್ತಿದೆ. ಅಂಗಡಿ ಬಾಗಿಲು ತೆಗೆದ ಕೂಡಲೇ ಮಾಸ್ಟರ್ ಅದನ್ನು ಹರಡಿಕೊಂಡು ಕೂರುತ್ತಾನೆ. ಮೊನ್ನೆ ನನಗೆ ತಡೆಯಲಾಗಲಿಲ್ಲ. "ಇನ್ನೂ ಯಾಕೋ ಇದು? ಸಾಕಾಗ್ಲಿಲ್ವಾ?" ಎಂದೆ.

ಅವನು ತಲೆ ಎತ್ತಲಿಲ್ಲ, ಪುಟ ತಿರುವಿದ.

"ಈ ಹೊತ್ತಿಗೆ ಅಣ್ಣನೂ ಇದನ್ನೇ ಓದ್ತಿರ್ತಾನೆ" ಎಂದ.