ಕಂಚಿನ ಬಟ್ಟಲಿನ ಕಿಲುಬು

ನೋರಾ, ಆ ಬಟ್ಟಲನ್ನು ತೊಳೆದವಳು ನಾನು. ನೀವಲ್ಲ. ನಿಮ್ಮ ಮರೆವೂ ಅಲ್ಲ. ನಾನು — ಮನೆಯಿಂದ ಡಬ್ಬಿಯಲ್ಲಿ ಹುಣಸೆಹಣ್ಣು ತಂದು, ನಿಮ್ಮ ಮ್ಯೂಸಿಯಂನ ಸಿಂಕಿನಲ್ಲಿ, ಬೇಕೆಂದೇ.

ನಿಮ್ಮ ಕಿಲ್ಕೆನ್ನಿ ಪಟ್ಟಣದ ಹತ್ತಿರದ ಆ ಎರಡು ಕೋಣೆಯ ಮ್ಯೂಸಿಯಂಗೆ ನಾನು ಶನಿವಾರ ಶನಿವಾರ ಬರುತ್ತಿದ್ದೆ. ಉಳಿದ ದಿನವೆಲ್ಲ ಆಸ್ಪತ್ರೆಯ ಡ್ಯೂಟಿ. ಅದೊಂದು ದಿನ ನಿಮ್ಮ ಜೊತೆ ಒರೆಸುವ, ಜೋಡಿಸುವ ಕೆಲಸ, ನಡುವೆ ಟೀ. ಬೀಗದ ಕೈ ಯಾವಾಗಲೂ ನಿಮ್ಮ ಬಳಿ. ಯಾವುದೋ ದೊಡ್ಡ ಮನೆಯವರು ಅಟ್ಟ ಖಾಲಿ ಮಾಡುವಾಗ ಆ ಕಂಚಿನ ಬಟ್ಟಲು ಕೊಟ್ಟರು. ಅವರ ಮುತ್ತಜ್ಜ ನೈಲ್ ನದಿಯ ದಂಡೆಯಲ್ಲಿ, ಹಳೆಯ ನೂಬಿಯಾದ ಗೋರಿಯೊಂದನ್ನು ಅಗೆದು ತಂದದ್ದು. ಸತ್ತವರಿಗೆ ಊಟವಿಟ್ಟ ಬಟ್ಟಲು. "ಒಣ ಬಟ್ಟೇಲಿ ಧೂಳು ಒರೆಸಮ್ಮ, ಅಷ್ಟೇ. ನೀರು ತಾಗಿಸಬೇಡ," ಅಂದಿರಿ.

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೆ ಮೈಯೆಲ್ಲ ಹಸಿರು ಕಿಲುಬು, ತಳದಲ್ಲಿ ಕರಿ ಹಕ್ಕಳೆ — ನನ್ನ ಕೈ ಸುಮ್ಮನಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆ ಬಂತೆಂದರೆ, ಹಿರಿಯರಿಗೆ ಎಡೆ ಇಡುವ ಪಾತ್ರೆಗಳನ್ನು ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. "ಕಿಲುಬು ಪಾತ್ರೇಲಿ ಬದುಕಿರೋರಿಗೇ ಬಡಿಸಲ್ಲ, ಸತ್ತೋರಿಗೆ ಬಡಿಸ್ತೀಯೇನೇ?" ಅನ್ನುತ್ತಿದ್ದಳು. ಹಾಗೆಯೇ ತಿಕ್ಕಿದೆ. ಬಟ್ಟಲು ಥಳಥಳ ಅಂತು. ಆ ದಿನ ನನಗೆ ಪುಣ್ಯದ ಕೆಲಸ ಮಾಡಿದಷ್ಟು ಖುಷಿಯಾಗಿತ್ತು.

ಹಲೀಮಾ ಬಂದದ್ದು ಮುಂದಿನ ವಾರ. ಆಸ್ಪತ್ರೆಯಲ್ಲಿ ನನ್ನ ಜೊತೆಯ ಡಾಕ್ಟರ್, ನೂಬಿಯಾದವಳೇ; ಅವಳ ಅಜ್ಜಿಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಬಟ್ಟಲಿನ ಫೋಟೊ ಅವಳಿಗೆ ತೋರಿಸಿದವಳು ನಾನೇ. ಆ ಹಕ್ಕಳೆ ಯಾವ ಧಾನ್ಯದ್ದು, ತನ್ನವರು ಸತ್ತವರಿಗೆ ಏನು ಉಣಿಸುತ್ತಿದ್ದರು ಎಂದು ಲ್ಯಾಬಿನಲ್ಲಿ ನೋಡಿಸಲು ಅವಳು ಮ್ಯೂಸಿಯಂ ಕಮಿಟಿಯವರನ್ನು ಒಪ್ಪಿಸಿದ್ದಳಂತೆ — ನನಗೆ ಗೊತ್ತಿರಲಿಲ್ಲ. ಹೊಳೆಯುವ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅದೊಂದೇ ಉಳಿದಿತ್ತು," ಅಂದಳು.

ತೊಳೆದದ್ದು ಯಾರು ಎಂದು ಕಮಿಟಿಯವರು ಕೇಳಿದರು. ನನ್ನ ಬಾಯಿಂದ ಬಂದದ್ದು — "ನೋರಾ ಮರೆತು ತೊಳೆದಿರಬೇಕು."

ನೀವು ನನ್ನ ಮುಖ ನೋಡಿದಿರಿ. ಆಮೇಲೆ ನಿಧಾನವಾಗಿ, "ಇರಬಹುದೇನೋ," ಅಂದಿರಿ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಿರಿ. ಈಗ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುತ್ತೀರಂತೆ. ನಿಮ್ಮ ತಲೆಗೆ ಏನೂ ಆಗಿಲ್ಲ, ನೋರಾ. ಅದರೊಳಗೆ ಅನುಮಾನ ಹಾಕಿದವಳು ನಾನು.

ಇಷ್ಟು ವರ್ಷ ನನ್ನೊಳಗೇ ಜಗಳವಾಡಿದ್ದೇನೆ. ಗೋರಿ ಅಗೆದವನ ಹೆಸರು ಮ್ಯೂಸಿಯಂ ಗೋಡೆಯ ಮೇಲೆ ಹಿತ್ತಾಳೆ ಫಲಕದಲ್ಲಿ ಹೊಳೆಯುತ್ತಿದೆ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನ ಹೆಸರಿನ ಮುಂದೆ ನಾನು ಇವತ್ತಿಗೂ ತಲೆ ತಗ್ಗಿಸುವುದಿಲ್ಲ. ಅದನ್ನು ತೆಗೆಯಿರಿ ಎಂದು ಹೇಳಿಯೇ ಹೇಳುತ್ತೇನೆ. ಅಮ್ಮ ಕಲಿಸಿದ್ದು ತಪ್ಪೆಂದು ಯಾರಾದರೂ ಅಂದರೆ ಅದನ್ನೂ ಒಪ್ಪುವುದಿಲ್ಲ. ಆದರೆ — ಅವನು ಬಟ್ಟಲನ್ನು ಕದ್ದಿದ್ದ, ಅದರೊಳಗಿನ ಊಟ ಉಳಿದಿತ್ತು. ಆ ಊಟವನ್ನು ಸಿಂಕಿಗೆ ಸುರಿದವಳು ನಾನು. ಸುರಿದು, ನಿಮ್ಮತ್ತ ಬೆರಳು ತೋರಿಸಿದವಳು.

ಇದನ್ನೆಲ್ಲ ನಿಮಗೆ ಓದಲು ಬಾರದ ಕನ್ನಡದಲ್ಲಿ ಬರೆದಿದ್ದೇನೆ. ಅದೂ ಒಂದು ಹೇಡಿತನವೇ. ಶನಿವಾರ ಹಲೀಮಾಳನ್ನೂ ಕಮಿಟಿಯವರನ್ನೂ ಬರಹೇಳಿದ್ದೇನೆ. ನಿಮ್ಮೆದುರೇ, ಇಂಗ್ಲಿಷಿನಲ್ಲೇ, ಒಂದು ಮಾತೂ ಬಿಡದೆ ಹೇಳುತ್ತೇನೆ. ನಿಮ್ಮ ಸ್ವಭಾವ ಗೊತ್ತು. ಟೀ ಮುಂದಿಟ್ಟು, "ಇಟ್ಸ್ ಗ್ರ್ಯಾಂಡ್," ಪರವಾಗಿಲ್ಲ ಬಿಡು, ಅಂದುಬಿಡುತ್ತೀರಿ. ಅನ್ನಬೇಡಿ, ನೋರಾ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ. ಆಮೇಲೆ ಗ್ಯಾಸ್ ಆರಿಸಿ, ಹಿಂತಿರುಗಿ ನೋಡದೆ ಮನೆಯಿಂದ ಹೊರಡಿ.